ತೇಗದ ಹಲಗೆನಾ, ಎಂಜಿನಿಯರ್ಡ್ ವುಡ್ಡಾ, ಲ್ಯಾಮಿನೇಟಾ? ನಮ್ಮನೇಲಿ ಮೂರೂ ಇದೆ

ನಮ್ದು ಶಿವಮೊಗ್ಗ. ಮಳೆಗಾಲದಲ್ಲಿ ಬೀರು ಒಳಗಿರೋ ಬಟ್ಟೆಗೂ ಬೂಷ್ಟು ಹಿಡಿಯತ್ತೆ, ಮಾರ್ಚ್ ಬಂದ್ರೆ ಎಲ್ಲಾ ಒಣಗಿ ಬಿರುಕು ಬಿಡತ್ತೆ. ಹಾಗಾಗಿ ಇಲ್ಲಿ ಮರದ ಫ್ಲೋರಿಂಗ್ ಅಂದ್ರೆ ಬಣ್ಣ, ಡಿಸೈನ್ ನೋಡೋದು ಆಮೇಲೆ, ಮೊದಲು ನೀರು ತಡ್ಕೊಳತ್ತಾ ನೋಡ್ಬೇಕು. ಮಹಡಿ ಮೇಲಿನ ಮೂರು ರೂಮಿಗೆ ಬೇರೆಬೇರೆ ಹಾಕ್ಸಿದ್ವಿ, ಈಗ ಮಳೆಗಾಲ ಬೇಸಿಗೆ ಎರಡನ್ನೂ ನೋಡಾಗಿದೆ.

ಮಕ್ಕಳ ರೂಮಿಗೆ 8 ಎಂಎಂ ಲ್ಯಾಮಿನೇಟ್. ಮೂರರಲ್ಲಿ ಇದೇ ಅಗ್ಗ, ಕೆಲಸಾನೂ ಸಲೀಸು, ಹಳೇ ಮೊಸಾಯಿಕ್ ಮೇಲೇನೇ ಫೋಮ್ ಶೀಟ್ ಹಾಸಿ ಒಂದಕ್ಕೊಂದು ಕ್ಲಿಕ್ ಮಾಡ್ತಾ ಹೋದ್ರು, ಅಂಟಿಲ್ಲ ಮೊಳೆಯಿಲ್ಲ, ಬೆಳಗ್ಗೆ ಬಂದೋರು ಸಂಜೆ ಮುಗಿಸಿ ಹೊರಟ್ರು. ಗೀರೂ ಬೀಳಲ್ಲ, ಮಕ್ಕಳು ಕುರ್ಚಿ ಎಳೆದಾಡ್ತಾನೇ ಇರ್ತಾರೆ. ಆದ್ರೆ ಮೇಲೆ ಕಾಣೋದು ಮರ ಅಲ್ಲ, ಮರದ ಚಿತ್ರ ಪ್ರಿಂಟ್ ಮಾಡಿರೋ ಕಾಗದ, ಒಳಗಿರೋದು ಎಚ್‌ಡಿಎಫ್ ಅಂದ್ರೆ ಒತ್ತಿ ಗಟ್ಟಿ ಮಾಡಿದ ಮರದ ನಾರು. ಕಿಟಕಿ ಹತ್ರ ಇರ್ಚಲು ಬಿದ್ದು ನೀರು ನಿಂತ ಕಡೆ ಜಾಯಿಂಟ್ ಉಬ್ಬಿ ಏಣು ಎದ್ದಿದೆ, ಬರಿಗಾಲಲ್ಲಿ ನಡೆದ್ರೆ ಸಿಗತ್ತೆ, ಒಣಗಿದ ಮೇಲೂ ಕೂರ್ಲಿಲ್ಲ. ಉಜ್ಜಿ ಸರಿ ಮಾಡೋಣ ಅಂದ್ರೆ ಚಿತ್ರಾನೇ ಹೋಗತ್ತೆ!

ಓದೋ ರೂಮಿಗೆ ತೇಗ. ಊರಲ್ಲಿ ಹಳೇ ಮನೆ ಬಿಚ್ಚಿದಾಗ ಸಿಕ್ಕ ಹಲಗೆಗಳು, ಇಲ್ಲಾಂದ್ರೆ ಇವತ್ತಿನ ರೇಟಲ್ಲಿ ಹೊಸ ತೇಗ ನೆಲಕ್ಕೆ ಹಾಕೋ ಯೋಚನೇನೂ ಮಾಡ್ತಿರ್ಲಿಲ್ಲ. ಆಚಾರ್ರು ಎಲ್ಲಾ ಕೀಸಿ, ಕೆಳಗೆ ರೀಪರ್ ಅಂದ್ರೆ ಮರದ ಪಟ್ಟಿ ಹೊಡೆದು, ಅದಕ್ಕೆ ಹಲಗೆ ಸ್ಕ್ರೂ ಮಾಡಿದ್ರು. ನೆಲ ಎತ್ತರ ಆಗಿ ಬಾಗಿಲಿನ ಕೆಳಗೆ ಕತ್ತರಿಸ್ಬೇಕಾಯ್ತು, ಆ ಸ್ಯಾಂಡಿಂಗ್ ಧೂಳು ಪಾಲಿಶ್ ವಾಸನೆ ಕೇಳ್ಬೇಡಿ. ಮರ ಉದ್ದಕ್ಕೆ ಅಷ್ಟಾಗಿ ಕುಗ್ಗಲ್ಲ, ಅಗಲಕ್ಕೆ ಕುಗ್ಗತ್ತೆ, ಅದಕ್ಕೇ ಬೇಸಿಗೇಲಿ ಹಲಗೆ ಮಧ್ಯೆ ವಿಸಿಟಿಂಗ್ ಕಾರ್ಡ್ ತೂರೋಷ್ಟು ಸಂದಿ, ಜುಲೈನಲ್ಲಿ ತಾನಾಗೇ ಮುಚ್ಕೊಳತ್ತೆ. ನಂಗೆ ಅದು ಅಭ್ಯಾಸ ಆಗಿದೆ, ನಮ್ಮನೆಯವ್ರಿಗೆ ಆ ಸಂದೀಲಿ ಕೂರೋ ಕಸ ಕಂಡ್ರೆ ಆಗಲ್ಲ. ಆದ್ರೆ ಕಾಲಿಟ್ರೆ ಸಿಗೋ ಆ ಹಿತ ಬೇರೆ ಎರಡರಲ್ಲೂ ಇಲ್ಲ, ಹಾಳಾದ್ರೆ ಮತ್ತೆ ಕೀಸಿ ಪಾಲಿಶ್ ಹೊಡೆದ್ರೆ ಹೊಸದು.

ನಮ್ಮ ಬೆಡ್‌ರೂಮಿಗೆ ಎಂಜಿನಿಯರ್ಡ್ ವುಡ್, 14 ಎಂಎಂ. ಮೇಲಿನ 3 ಎಂಎಂ ನಿಜವಾದ ಓಕ್, ಕೆಳಗೆ ಪ್ಲೈವುಡ್ ಥರ ಅಡ್ಡ ಉದ್ದ ಅಂಟಿಸಿದ ಪದರ, ಒಂದು ಹಿಗ್ಗೋಕೆ ಹೋದ್ರೆ ಇನ್ನೊಂದು ಬಿಡಲ್ಲ. ಬಾಕ್ಸ್‌ಗಳನ್ನ ಎರಡು ದಿನ ಅದೇ ರೂಮಲ್ಲಿಟ್ಟು ಆಮೇಲೆ ಹಾಕಿದ್ರು, ಗೋಡೆ ಸುತ್ತ 10 ಎಂಎಂ ಗ್ಯಾಪ್ ಬಿಟ್ಟು ಸ್ಕರ್ಟಿಂಗಲ್ಲಿ ಮುಚ್ಚಿದ್ರು. ನಿಮ್ಮ ಕೆಲಸದವ್ರು ‘ಟೈಟಾಗಿ ಕೂರಿಸ್ತೀವಿ ಸಾರ್’ ಅಂದ್ರೆ ಒಪ್ಪಲೇಬೇಡಿ, ಮಳೆಗಾಲದಲ್ಲಿ ಹಿಗ್ಗೋಕೆ ಜಾಗ ಇಲ್ದೆ ನಡುವೆ ಎದ್ದು ನಿಲ್ಲತ್ತೆ. ಸಂದಿ ಇಲ್ಲ, ಉಬ್ಬೂ ಇಲ್ಲ ಇದುವರೆಗೆ, ಚೆನ್ನಾಗಿ ಹಿಂಡಿದ ಬಟ್ಟೇಲಿ ಒರೆಸ್ತೀವಿ ಅಷ್ಟೇ.

ದುಡ್ಡು ಕೊಟ್ಟು ಹೊಸದಾಗಿ ಹಾಕ್ಸೋರಿಗೆ ನಾನು ಹೇಳೋದು ಎಂಜಿನಿಯರ್ಡ್, ಹಳೇ ತೇಗ ಕೈಗೆ ಸಿಕ್ಕಿದ್ರೆ ಮಾತ್ರ ಬಿಡ್ಬೇಡಿ. ಅಡುಗೆಮನೆ, ಬಾತ್‌ರೂಮ್ ಬಾಗಿಲ ಹತ್ರ ಮೂರೂ ಬೇಡ, ಟೈಲ್ಸೇ ಇರ್ಲಿ. ಮಕ್ಕಳ ರೂಮಿನದನ್ನ ಕಿತ್ತು ಎಸ್‌ಪಿಸಿ ಹಾಕ್ಸೋ ಮಾತು ನಡೀತಿದೆ, ಅದು ಸುಣ್ಣದಕಲ್ಲಿನ ಪುಡಿ ಮತ್ತು ಪಿವಿಸಿ, ನೀರಿಗೆ ಉಬ್ಬಲ್ಲ, ಮರ ಅಂತೂ ಅಲ್ವೇ ಅಲ್ಲ.