ಎಫ್‌ಎಸ್‌ಸಿ, ಪಿಇಎಫ್‌ಸಿ, ಪ್ರಮಾಣ್: ಕೊಪ್ಪಳದ ಹೊಲಕ್ಕೂ ಸಂಡೂರಿನ ಗುಡ್ಡಕ್ಕೂ ಹಿಡಿದು ನೋಡಿದರೆ

ಮರಕ್ಕೆ ಮುದ್ರೆ ಬಿದ್ದರೆ ಟನ್ನಿಗೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆ ಎಂಬ ಮಾತು ಹೆಬ್ಬೇವು ಬೆಳೆಗಾರರ ನಡುವೆ ಆಗಾಗ ಏಳುತ್ತದೆ. ಯಾವ ಮುದ್ರೆ ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮುದ್ರೆಯೆಂದರೆ, ಕಾಡನ್ನೋ ಹೊಲವನ್ನೋ ಹಾಳುಗೆಡವದೆ ಬೆಳೆದ ಮರವಿದು ಎಂದು ತಪಾಸಣೆ ಮಾಡಿ ಕೊಡುವ ಪ್ರಮಾಣಪತ್ರ. ಅಂಥ ಮೂರನ್ನು ಇಲ್ಲಿ ಹೋಲಿಸಿದ್ದೇವೆ: ಎಫ್‌ಎಸ್‌ಸಿ (ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್), ಪಿಇಎಫ್‌ಸಿ, ಪ್ರಮಾಣ್. ಮೂರರ ತಪಾಸಣಾ ಪಟ್ಟಿಯನ್ನೂ ಎರಡು ಬಗೆಯ ನೆಲಕ್ಕೆ ಹಚ್ಚಿ ನೋಡಿದೆವು. ಒಂದು, ಕೊಪ್ಪಳ ಸೀಮೆಯ ಮಸಾರಿ ಹೊಲ: ಹತ್ತಡಿಗೊಂದರಂತೆ ಹೆಬ್ಬೇವು, ಅಂದರೆ ಎಕರೆಗೆ 435 ಗಿಡ, ಬದುವಿನ ಮೇಲೆ ಬೇವು. ಇನ್ನೊಂದು, ಸಂಡೂರಿನ ಇಳಿಜಾರು: ಮೇಲೆ ಕಮರ, ದಿಂಡಿಗ, ಕೆಳಗೆ ಬಂದರಿಕೆ, ಕಾರೆ.

ಮೂರರ ಹುಟ್ಟು ಬೇರೆ ಬೇರೆ. ಎಫ್‌ಎಸ್‌ಸಿ 1993ರಲ್ಲಿ ಟೊರಾಂಟೊದಲ್ಲಿ ಶುರುವಾಯಿತು. ಅದರ 10 ತತ್ತ್ವ, 70 ಮಾನದಂಡ ಲೋಕಕ್ಕೆಲ್ಲ ಒಂದೇ, ಸೂಚಕಗಳನ್ನಷ್ಟೇ ಆಯಾ ದೇಶಕ್ಕೆ ಹೊಂದಿಸುತ್ತಾರೆ. 1999ರಲ್ಲಿ ಯುರೋಪಿನಲ್ಲಿ ಹುಟ್ಟಿದ ಪಿಇಎಫ್‌ಸಿ ದೇಶಗಳ ಸ್ವಂತ ಪದ್ಧತಿಗಳನ್ನು ಪರಿಶೀಲಿಸಿ ಮಾನ್ಯ ಮಾಡುತ್ತದೆ. ಅಮೆರಿಕದ ಎಸ್‌ಎಫ್‌ಐ, ಮಲೇಷಿಯಾದ ಎಂಟಿಸಿಎಸ್ ಅದರಡಿ ಬರುತ್ತವೆ. ನಮ್ಮ ದೇಶದ ಅರಣ್ಯ ಪ್ರಮಾಣೀಕರಣ ಸಂಸ್ಥೆ ಎನ್‌ಸಿಸಿಎಫ್‌ನ ಪದ್ಧತಿಗೆ ಮಾನ್ಯತೆ ಸಿಕ್ಕಿದ್ದು 2019ರಲ್ಲಿ. ಕೇಂದ್ರ ಪರಿಸರ ಸಚಿವಾಲಯ 2023ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ ಭಾರತೀಯ ಅರಣ್ಯ ಮತ್ತು ಮರ ಪ್ರಮಾಣೀಕರಣ ಯೋಜನೆಯ ಹೆಸರು ಪ್ರಮಾಣ್. ಅದರಲ್ಲಿ 8 ಮಾನದಂಡ, 69 ಸೂಚಕ, 254 ಪರಿಶೀಲನಾಂಶ ಇವೆ. ಈ ಎಂಟು ಮಾನದಂಡಗಳ ಬೇರು ಕಾಡಿನ ನಿರ್ವಹಣೆಗೆ ದೇಶದ ಅಳತೆಗೋಲು ಗೊತ್ತುಮಾಡಲು ಹೊರಟ 1998ರ ಭೋಪಾಲ್-ಇಂಡಿಯಾ ಪ್ರಕ್ರಿಯೆಯಲ್ಲಿದೆ, ಆಗ ಸೂಚಕಗಳು 43 ಇದ್ದವು.

ಹೊಲದಲ್ಲಿ

ಮೂರೂ ಮೊದಲು ಎಡವುವುದು ಪಹಣಿಯಲ್ಲಿ. ನೆಲದ ಮೇಲಿನ ಹಕ್ಕು ತೋರಿಸಿ ಎಂದು ಮೂರೂ ಕೇಳುತ್ತವೆ. ಖಾತೆ ತೀರಿಹೋದ ಅಜ್ಜನ ಹೆಸರಲ್ಲಿದ್ದು, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ಉಳುತ್ತಿದ್ದರೆ ಮರ ಎಷ್ಟೇ ಚೆನ್ನಾಗಿರಲಿ, ತಪಾಸಕರ ಪೆನ್ನು ಅಲ್ಲೇ ನಿಲ್ಲುತ್ತದೆ. ಪೌತಿ ಖಾತೆ ಆಗಬೇಕು, ಇಲ್ಲವೇ ಹಕ್ಕುದಾರರೆಲ್ಲ ಸಹಿ ಮಾಡಿದ ಒಪ್ಪಿಗೆ ಪತ್ರ ಇರಬೇಕು. ಎಫ್‌ಎಸ್‌ಸಿಯಲ್ಲಿ ದೊಡ್ಡ ದೋಷ ಸರಿಪಡಿಸಲು ಕೊಡುವ ಅವಧಿ 3 ತಿಂಗಳು, ಸಣ್ಣದಕ್ಕೆ ಒಂದು ವರ್ಷ. ಊರೂರಲ್ಲಿ ಚದುರಿದ ವಾರಸುದಾರರ ಸಹಿ ಹಾಕಿಸಲು ಮೂರು ತಿಂಗಳು ಸಾಲದು. ಹಾಗಾಗಿ ಅರ್ಜಿಗೆ ಮೊದಲೇ ಮುಗಿಸಿಕೊಳ್ಳಬೇಕಾದ ಕೆಲಸವಿದು.

ಎರಡನೆಯದು ಗಡಿ. ಫೋನ್ ಹಿಡಿದು ಬದುವಿನ ಸುತ್ತ ನಡೆದರೆ ನಕ್ಷೆ ಬರುತ್ತದೆ ನಿಜ, ಆದರೆ ಫೋನಿನ ಜಿಪಿಎಸ್ 3ರಿಂದ 5 ಮೀಟರ್ ಆಚೀಚೆ ತೋರಿಸುತ್ತದೆ. ಒಂದು ಎಕರೆ ಚೌಕದ ಬದಿ 63.6 ಮೀಟರ್. ನಾಲ್ಕೂ ಕಡೆ 3 ಮೀಟರ್ ಹೊರಗೆ ಜಾರಿತೆಂದರೆ ವಿಸ್ತೀರ್ಣ ಐದನೇ ಒಂದು ಪಾಲು ಹಿಗ್ಗುತ್ತದೆ. ದೊಡ್ಡ ಎಸ್ಟೇಟಿಗೆ ಇದು ಲೆಕ್ಕಕ್ಕಿಲ್ಲ, ಎರಡೆಕರೆಯವನಿಗೆ ಪಹಣಿಗೂ ನಕ್ಷೆಗೂ ತಾಳೆಯಾಗದ ತಲೆನೋವು. ಹದ್ದುಬಸ್ತು ನಕ್ಷೆ ಇದ್ದರೆ ಅದನ್ನೇ ಕೊಡಿ. ಇಲ್ಲದಿದ್ದರೆ ಮೂಲೆಗಲ್ಲಿನ ಬಳಿ ಎರಡು ಮೂರು ನಿಮಿಷ ನಿಂತು ಸರಾಸರಿ ತೆಗೆಯಿರಿ, ನಡೆಯುತ್ತ ದಾಖಲಿಸಬೇಡಿ. ಯುರೋಪಿಗೆ ಹೋಗುವ ಮಾಲಾದರೆ ಅಲ್ಲಿನ ಕಾಡುನಾಶ ತಡೆ ನಿಯಮ 4 ಹೆಕ್ಟೇರಿಗಿಂತ ಹೆಚ್ಚಿನ ತುಂಡಿಗೆ ಸುತ್ತುಗೆರೆ ಕೇಳುತ್ತದೆ, ಅದಕ್ಕಿಂತ ಕಡಿಮೆ ಇದ್ದರೆ ಒಂದು ಬಿಂದು ಸಾಕು. 4 ಹೆಕ್ಟೇರ್ ಎಂದರೆ ಹತ್ತಿರತ್ತಿರ 10 ಎಕರೆ, ನಮ್ಮ ಬಹುಪಾಲು ಹೊಲಗಳಿಗೆ ಬಿಂದುವೇ ಸಾಕಾಯಿತು. ಆ ಬಿಂದುವನ್ನು ಆರು ದಶಮಾಂಶದಲ್ಲಿ ಬರೆಯಬೇಕು. ಆರನೇ ದಶಮಾಂಶ ಸೂಚಿಸುವುದು ಒಂದು ಗೇಣಿನ ಅಂತರವನ್ನೂ ಅಲ್ಲ, ಫೋನು ತಪ್ಪುವುದು ಮಾತ್ರ ಮಾರುಗಟ್ಟಲೆ. ಏನೇ ಇರಲಿ, ಬರೆಯಿರಿ.

ಎಫ್‌ಎಸ್‌ಸಿ, ಪಿಇಎಫ್‌ಸಿ ನಿಜವಾಗಿ ಬೇರೆಯಾಗುವುದು ಹತ್ತಿಯ ಹತ್ತಿರ. ಹೆಬ್ಬೇವು ಮೇಲೇಳುವ ಮೊದಲೆರಡು ವರ್ಷ ಸಾಲುಗಳ ನಡುವೆ ರೈತರು ಬೆಳೆ ಹಾಕುತ್ತಾರೆ. ರಾಯಚೂರು ಕಡೆಯಾದರೆ ಅದು ಹತ್ತಿ, ಹತ್ತಿಯೆಂದರೆ ಬಹುಪಾಲು ಕುಲಾಂತರಿ ಬಿಟಿ. ಎಫ್‌ಎಸ್‌ಸಿಯ 10.4ನೇ ಮಾನದಂಡ ನಿರ್ವಹಣಾ ಘಟಕದೊಳಗೆ (ಪ್ರಮಾಣಪತ್ರಕ್ಕೆ ಸೇರಿಸಿದ ಜಮೀನಿನೊಳಗೆ) ಕುಲಾಂತರಿ ಜೀವಿಗಳನ್ನೇ ಬಳಸಕೂಡದು ಎನ್ನುತ್ತದೆ, ಬರೀ ಮರವೆಂದು ಹೇಳುವುದಿಲ್ಲ. ಪಿಇಎಫ್‌ಸಿಯ 2018ರ ಮಾನಕ ತಡೆಯುವುದು ಕುಲಾಂತರಿ ಮರಗಳನ್ನು. ಅಂದಮೇಲೆ ಬಿಟಿ ಹತ್ತಿ ಹಾಕಿದ ಹೊಲವನ್ನು ಎಫ್‌ಎಸ್‌ಸಿಗೆ ಒಯ್ಯುವ ಮೊದಲು ತಪಾಸಣಾ ಸಂಸ್ಥೆಯಿಂದ ಲಿಖಿತ ಉತ್ತರ ಪಡೆಯಬೇಕು. ತೊಗರಿಯೋ ಶೇಂಗಾವೋ ಆದರೆ ಈ ಪ್ರಶ್ನೆಯೇ ಬರುವುದಿಲ್ಲ.

ಔಷಧದ ವಿಷಯದಲ್ಲೂ ಹೀಗೆಯೇ ನೋಡಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆ ಅತಿ ವಿಷಕಾರಿಯೆಂದು ಗುರುತಿಸಿದ 1ಎ, 1ಬಿ ವರ್ಗದ ಕೀಟನಾಶಕಗಳಿಗೆ ಪಿಇಎಫ್‌ಸಿ ತಡೆ ಹಾಕುತ್ತದೆ, ಬೇರೆ ದಾರಿಯೇ ಇಲ್ಲದಿದ್ದರೆ ವಿನಾಯಿತಿಯಿದೆ. ಎಫ್‌ಎಸ್‌ಸಿಗೆ ತನ್ನದೇ ಉದ್ದನೆಯ ಪಟ್ಟಿಯಿದೆ. ಮೊನೊಕ್ರೊಟೊಫಾಸ್ 1ಬಿ ವರ್ಗದ್ದು. ಹತ್ತಿಗೆ ಹೊಡೆದು ಉಳಿದ ಹಳೇ ಬಾಟಲಿ ಪಂಪ್‌ಸೆಟ್ ಕೋಣೆಯ ಗೂಡಿನಲ್ಲಿ ಕಂಡರೆ "ಮರಕ್ಕೆ ಹೊಡೆದಿಲ್ಲ ಸರ್" ಎಂಬ ಬಾಯಿಮಾತು ನಡೆಯುವುದಿಲ್ಲ. ಯಾವ ದಿನ, ಯಾವ ಬೆಳೆಗೆ, ಎಷ್ಟು ಎಂದು ಬರೆದ ನೋಟ್‌ಬುಕ್ ಇದ್ದರೆ ನಡೆಯುತ್ತದೆ.

ಎಫ್‌ಎಸ್‌ಸಿಯ ಸಾಮಾನ್ಯ ಸೂಚಕಗಳಲ್ಲಿ ಕನಿಷ್ಠ 10% ಜಾಗವನ್ನು ಸಂರಕ್ಷಣೆಗೆ ಬಿಡಬೇಕು ಎಂದಿದೆ. ಎರಡೆಕರೆಯ ರೈತ ಎಂಟು ಗುಂಟೆ ಬಿಟ್ಟುಕೊಡುತ್ತಾನೆಯೇ? ಹಳ್ಳದ ಅಂಚು, ಬದು, ಹಳೇ ಬೇವಿನ ಮರದ ಸುತ್ತು ಇವನ್ನು ಗುಂಪಿನ ಒಟ್ಟು ಲೆಕ್ಕದಲ್ಲಿ ತೋರಿಸಿದರೆ ಹೊರೆ ಇಳಿಯುತ್ತದೆ. ಬಿಡಿ ಮರಗಳ ವಿಷಯದಲ್ಲಿ ಪಿಇಎಫ್‌ಸಿಗೆ ಅನುಕೂಲ ಹೆಚ್ಚು. ಕಾಡಿನಾಚೆಯ ಮರಗಳಿಗೆ ನಿಯಮಗಳನ್ನು ಹೇಗೆ ಓದಬೇಕೆಂದು ಅದರ ಮಾನಕಕ್ಕೆ ಪ್ರತ್ಯೇಕ ಅನುಬಂಧವೇ ಇದೆ. ಪ್ರಮಾಣ್‌ನಲ್ಲೂ ಕಾಡಿನಾಚೆಯ ಮರಗಳಿಗೆ ಬೇರೆ ವಿಭಾಗವಿದೆ.

ಗುಂಪು ಕಟ್ಟದೆ ಒಬ್ಬರೇ ಹೋಗುವುದು ಮೂರರಲ್ಲೂ ಲುಕ್ಸಾನಿನ ಬಾಬತ್ತು. ತಪಾಸಕರ ದಿನದ ಶುಲ್ಕ, ಓಡಾಟ, ವರದಿ ಇವು ಐದೆಕರೆಗೂ ಐನೂರೆಕರೆಗೂ ಹೆಚ್ಚು ಕಡಿಮೆ ಅಷ್ಟೇ. ಗುಂಪಿನಲ್ಲಿ ಎಷ್ಟು ಹೊಲ ನೋಡಬೇಕೆಂಬುದನ್ನು ಸದಸ್ಯರ ಸಂಖ್ಯೆಯ ವರ್ಗಮೂಲದ ಆಧಾರದಲ್ಲಿ ಗೊತ್ತುಮಾಡುತ್ತಾರೆ. 100 ಜನರಿದ್ದರೆ ಹತ್ತರ ಆಸುಪಾಸು, 400 ಜನರಿದ್ದರೆ ಇಪ್ಪತ್ತರ ಆಸುಪಾಸು. ಜನ ನಾಲ್ಕು ಪಟ್ಟಾದರೂ ಖರ್ಚು ಎರಡೇ ಪಟ್ಟು. ಆದರೆ ಒಬ್ಬನ ದೊಡ್ಡ ದೋಷಕ್ಕೆ ಗುಂಪೇ ಉತ್ತರ ಕೊಡಬೇಕಾಗುತ್ತದೆ, ಆದ್ದರಿಂದ ಸೇರಿಸಿಕೊಳ್ಳುವಾಗಲೇ ಸೋಸಬೇಕು.

ಇಷ್ಟೆಲ್ಲ ದಾಟಿದ ಮೇಲೂ ಕೈಕೊಡುವ ಜಾಗ ಮಾರಾಟ. ನಮ್ಮ ಕಡೆ ನಿಂತ ಮರದ ಮೇಲೆಯೇ ವ್ಯಾಪಾರ ಮುಗಿಯುತ್ತದೆ. ವ್ಯಾಪಾರಿ ಆಳು ತಂದು ಕಡಿಸಿ ಲಾರಿ ತುಂಬುತ್ತಾನೆ. ಮಾಲು ಕೊಂಡು ಮಾರುವ ಆ ವ್ಯಾಪಾರಿಗೆ ಸರಬರಾಜು ಸರಪಳಿಯ ಪ್ರಮಾಣಪತ್ರ (ಮುದ್ರೆಯ ಮರದ ಲೆಕ್ಕ ಬೇರೆ ಇಡುತ್ತಾನೆಂಬ ಪತ್ರ) ಇಲ್ಲದಿದ್ದರೆ ಮುದ್ರೆ ಹೊಲದ ಬದುವಿನಲ್ಲೇ ಬಿದ್ದುಹೋಗುತ್ತದೆ. ಗಿರಣಿಯವರು ಅದನ್ನು ಸಾದಾ ಮರವೆಂದೇ ಬರೆದುಕೊಳ್ಳುತ್ತಾರೆ. ಬಿಲ್ಲಿನಲ್ಲಿ ಪ್ರಮಾಣಪತ್ರದ ಸಂಖ್ಯೆ ಮತ್ತು "ಎಫ್‌ಎಸ್‌ಸಿ 100%" ಎಂಬಂಥ ಘೋಷಣೆ ಎರಡೂ ಬೇಕು, ಒಂದಿದ್ದು ಒಂದಿಲ್ಲದಿದ್ದರೆ ಇಲ್ಲದ್ದಕ್ಕೇ ಸಮ.

ಅಳತೆಯಲ್ಲೊಂದು ಗುಂಡಿಯಿದೆ, ಹೊಸಬರು ಬೀಳುವುದು ಅದಕ್ಕೇ. ಡಿಪೋಗಳಲ್ಲಿ ದಿಮ್ಮಿಯನ್ನು ಕಾಲು ಸುತ್ತಳತೆಯ ಲೆಕ್ಕದಲ್ಲಿ ಅಳೆಯುತ್ತಾರೆ: ನಡುಸುತ್ತಳತೆಯ ನಾಲ್ಕನೇ ಒಂದು ಪಾಲು, ಅದರ ವರ್ಗ, ಗುಣಿಸು ಉದ್ದ. ಸುತ್ತಳತೆ 80 ಸೆಂ.ಮೀ., ಉದ್ದ 3 ಮೀಟರ್ ಇದ್ದರೆ ಬರುವುದು 0.12 ಘನ ಮೀಟರ್. ಸಿಲಿಂಡರಿನ ನಿಜ ಗಾತ್ರ 0.153. ಅಂದರೆ ಡಿಪೋ ಲೆಕ್ಕ ಯಾವತ್ತೂ ಸುಮಾರು 21.5% ಕಡಿಮೆ. ಒಳಬಂದ ಮಾಲು ಡಿಪೋ ಲೆಕ್ಕದಲ್ಲೂ ಹೊರಹೋದ ಮಾಲು ನಿಜ ಘನ ಮೀಟರಿನಲ್ಲೂ ಇದ್ದರೆ ಬಂದದ್ದಕ್ಕಿಂತ ಹೆಚ್ಚು ಮಾರಿದಂತೆ ಕಾಣಬಹುದು. ಪ್ರಮಾಣೀಕರಿಸದ ಮರ ಬೆರೆಸಿದ್ದಾರೆಂದು ತಪಾಸಕರು ಬರೆದರೆ ಅವರದೇನೂ ತಪ್ಪಿಲ್ಲ. ಪಲ್ಪಿನ ಮರ ಟನ್ ಲೆಕ್ಕದಲ್ಲಿ ಹೋದರೆ ತೊಂದರೆ ತಿರುವುಮುರುವು: ಹಸಿ ಮರ ಬೇಸಿಗೆಯ ಬಿಸಿಲಲ್ಲಿ ಬಿದ್ದಷ್ಟು ದಿನ ತೂಕ ಕಳೆದುಕೊಳ್ಳುತ್ತದೆ. ಕಡಿದ ದಿನಾಂಕವನ್ನು ವೇ ಬ್ರಿಡ್ಜ್ ಚೀಟಿಯ ಮೇಲೆಯೇ ಬರೆಸಿಡುವುದು ಒಳ್ಳೆಯದು.

ಗುಡ್ಡದಲ್ಲಿ

ಸಂಡೂರಿನ ಇಳಿಜಾರು ಅರಣ್ಯ ಇಲಾಖೆಯ ಕೈಯಲ್ಲಿರುವುದರಿಂದ ಪಹಣಿಯ ರಗಳೆ ಇಲ್ಲ, ಅಳತೆಯ ರಗಳೆ ಇದೆ. ಮರ ಎಣಿಸಲು ಗುರುತಿಸುವ ಮಾದರಿ ತಾಕು 0.1 ಹೆಕ್ಟೇರ್, ವೃತ್ತವಾದರೆ ತ್ರಿಜ್ಯ 17.84 ಮೀಟರ್. ಇದು ಸಮತಟ್ಟಿನ ಅಳತೆ. 30 ಡಿಗ್ರಿ ಇಳಿಜಾರಿನಲ್ಲಿ ಏರುಮುಖಕ್ಕೆ ಟೇಪು 20.6 ಮೀಟರ್ ಬಿಡಬೇಕು. ನೆಲದ ಮೇಲೆ ಹಾಗೇ 17.84 ಎಳೆದರೆ ತಾಕು 13% ಕುಗ್ಗುತ್ತದೆ, ಮರದ ಸಂಖ್ಯೆಯೂ ಅಷ್ಟೇ ಕುಗ್ಗಿ ಕಾಡು ಇದ್ದದ್ದಕ್ಕಿಂತ ಬಡವಾಗಿ ಕಾಣುತ್ತದೆ. ಎದೆಮಟ್ಟದ ಸುತ್ತಳತೆಯನ್ನು ನಮ್ಮಲ್ಲಿ 1.37 ಮೀಟರ್ ಎತ್ತರದಲ್ಲಿ ತೆಗೆಯುತ್ತೇವೆ, ಯುರೋಪಿನಲ್ಲಿ 1.30ರಲ್ಲಿ. ಇಳಿಜಾರಿನಲ್ಲಿ ಮೇಲ್ಬದಿಗೆ ನಿಂತು ಅಳೆಯಬೇಕು. ಎದೆಮಟ್ಟಕ್ಕಿಂತ ಕೆಳಗೇ ಕವಲೊಡೆದ ಕಮರವಾದರೆ ಒಂದೊಂದು ಕವಲೂ ಒಂದೊಂದು ಮರ.

ಮೇಲ್ಛಾವಣಿಯ ಸಾಂದ್ರತೆಯನ್ನು, ಅಂದರೆ ಎಲೆಕೊಂಬೆಗಳ ಮುಚ್ಚಿಗೆಯನ್ನು, ಕೊಳವೆಯಲ್ಲಿ ಇಣುಕಿ ಎಣಿಸುತ್ತಾರೆ: 100 ಬಿಂದು, ಎಷ್ಟು ಕಡೆ ಎಲೆ ಸಿಕ್ಕಿತೋ ಅಷ್ಟು ಶೇಕಡಾ. ಕಾಡು ಹೌದೋ ಅಲ್ಲವೋ ಎಂಬ ಗೆರೆ 10%. ನಿಜ ಸಾಂದ್ರತೆ 10% ಇರುವಲ್ಲಿ 100 ಬಿಂದು ನೋಡಿದರೆ ಉತ್ತರ 4ರಿಂದ 16ರವರೆಗೆ ಎಲ್ಲಿಗಾದರೂ ಬೀಳಬಹುದು. 400 ಬಿಂದು ನೋಡಿದರೆ ಅದು 7ರಿಂದ 13ಕ್ಕೆ ಕಿರಿದಾಗುತ್ತದೆ. ನಮ್ಮ ಕುರುಚಲು ಕಾಡೆಲ್ಲ ಈ ಗೆರೆಯ ಆಚೀಚೆಯೇ ಇರುವುದರಿಂದ 100 ಬಿಂದು ಏನನ್ನೂ ತೀರ್ಮಾನಿಸುವುದಿಲ್ಲ. ಕಾಲವೂ ಮುಖ್ಯ. ಮಾರ್ಚ್‌ನಲ್ಲಿ ಹೋದರೆ ಎಲೆಯುದುರಿದ ಕೊಂಬೆಗಳಷ್ಟೇ. ಭಾರತೀಯ ಅರಣ್ಯ ಸರ್ವೇಕ್ಷಣೆ ಉಪಗ್ರಹ ಚಿತ್ರಗಳನ್ನು ಅಕ್ಟೋಬರ್‌ನಿಂದ ಡಿಸೆಂಬರ್ ನಡುವಿನವು ಆರಿಸಿಕೊಳ್ಳುವುದು ಇದಕ್ಕೇ. ಅದರ ಚಿತ್ರಬಿಂದು (ಪಿಕ್ಸೆಲ್) 23.5 ಮೀಟರ್ ಚೌಕ, ಒಂದು ಹೆಕ್ಟೇರಿಗೆ ಸುಮಾರು 18 ಬಿಂದು. ಒಂದು ಹೆಕ್ಟೇರಿಗಿಂತ ಚಿಕ್ಕ ಮರದ ಗುಂಪು ಆ ನಕ್ಷೆಯಲ್ಲಿ ಕಾಣುವುದೇ ಇಲ್ಲ.

ಇನ್ನು ಬಳ್ಳಾರಿ ಜಾಲಿ. ಒಂದು ಹೆಕ್ಟೇರು, 10% ಮುಚ್ಚಿಗೆ ಇದ್ದರೆ ಉಪಗ್ರಹದ ಲೆಕ್ಕದಲ್ಲಿ ಅದೂ ಅರಣ್ಯ ಹೊದಿಕೆಯೇ, ಜಾತಿ ಯಾವುದೆಂದು ಕೇಳುವುದಿಲ್ಲ. ಎಫ್‌ಎಸ್‌ಸಿ ಪಟ್ಟಿಯಲ್ಲಿ ಅದೇ ಗಿಡ ಹತೋಟಿಗೆ ತರಬೇಕಾದ ಆಕ್ರಮಣಕಾರಿ ಪರಕೀಯ. ನಮ್ಮ ಊರಿನ ಹೆಸರು ಹೊತ್ತ ಗಿಡ ಒಂದು ಖಾತೆಯಲ್ಲಿ ಜಮಾ, ಇನ್ನೊಂದರಲ್ಲಿ ಖರ್ಚು.

ಗುಡ್ಡಕ್ಕೆ ಸರಿಹೊಂದಿದ್ದು ಪ್ರಮಾಣ್. ಅದರ ಸೂಚಕಗಳು ಅರಣ್ಯ ಇಲಾಖೆಗಳು ಕಾಡಿನ ನಿರ್ವಹಣಾ ಯೋಜನೆ ಬರೆಯಲು ಅನುಸರಿಸುವ 2023ರ ರಾಷ್ಟ್ರೀಯ ಕಾರ್ಯಯೋಜನಾ ಸಂಹಿತೆಯಲ್ಲೇ ಸೇರಿರುವುದರಿಂದ, ಇಲಾಖೆ ಕಾರ್ಯಯೋಜನೆಗೆಂದು ಹೇಗೂ ಕಲೆಹಾಕುವ ಅಂಕಿ ಇದಕ್ಕೂ ಒದಗುತ್ತದೆ. ಎಫ್‌ಎಸ್‌ಸಿಯ ಬಲ ಬೇರೆ ಕಡೆಯಿದೆ. ಮುಖ್ಯ ತಪಾಸಣೆಗೆ ಆರು ವಾರ ಮೊದಲೇ ಸುತ್ತಲಿನವರಿಗೆ ತಿಳಿಸಬೇಕು, ಕುರಿ ಮೇಯಿಸುವವರನ್ನೂ ಸೀತಾಫಲ ಆಯುವ ಹೆಣ್ಣುಮಕ್ಕಳನ್ನೂ ಕೂಡಿಸಿ ಕೇಳಬೇಕು. ಪಂಚಾಯ್ತಿ ಬೋರ್ಡಿಗೆ ಇಂಗ್ಲಿಷ್ ನೋಟೀಸು ಅಂಟಿಸಿ ಕೈತೊಳೆದುಕೊಂಡರೆ ಆ ಬಲ ಪೂರ್ತಿ ವ್ಯರ್ಥ.

ದೇಶ ದೇಶಗಳ ಪಟ್ಟಿ

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಯ 15.2.1ನೇ ಸೂಚಕ ದೇಶಗಳನ್ನು ಐದು ಅಂಕಿಗಳಲ್ಲಿ ನೋಡುತ್ತದೆ: ಕಾಡಿನ ವಿಸ್ತೀರ್ಣದ ಏರಿಳಿತ, ನೆಲದ ಮೇಲಿನ ಜೈವಿಕ ರಾಶಿ, ಸಂರಕ್ಷಿತ ಪಾಲು, ದೀರ್ಘಾವಧಿ ಯೋಜನೆಯಿರುವ ಪಾಲು, ಪ್ರಮಾಣೀಕೃತ ವಿಸ್ತೀರ್ಣ. ಕೊನೆಯ ಅಂಕಿ ಹಿಡಿದು ದೇಶಗಳನ್ನು ಮೇಲೆ ಕೆಳಗೆ ಕೂರಿಸುವುದು ಸರಿಯಲ್ಲ. ಫಿನ್ಲೆಂಡಿನ ವಾಣಿಜ್ಯ ಕಾಡಿನ ಸುಮಾರು 90% ಪಿಇಎಫ್‌ಸಿಯಡಿ ಇರುವುದಕ್ಕೆ ಒಂದು ಕಾರಣ, ಅಲ್ಲಿನ ಕುಟುಂಬಗಳು ಪ್ರದೇಶವಾರು ಗುಂಪಿನಲ್ಲಿ ಒಟ್ಟಿಗೇ ಸೇರಿದ್ದು. ಇನ್ನೊಂದು, ಅವರ ಕಾಗದ ಕೊಳ್ಳುವವರು ಮುದ್ರೆ ಕೇಳುವುದು. ನಮ್ಮ ಮರ ಬಹುಪಾಲು ದೇಶದೊಳಗೇ ಖರ್ಚಾಗುತ್ತದೆ, ಕೇಳುವವರು ಕಡಿಮೆ. ಎಫ್‌ಎಸ್‌ಸಿ, ಪಿಇಎಫ್‌ಸಿ ಎರಡೂ ಮುದ್ರೆ ಹೊತ್ತ ಕಾಡನ್ನು ಎರಡು ಸಲ ಎಣಿಸುವ ಅಪಾಯ ಬೇರೆ. ಅದಕ್ಕೆಂದೇ ಎರಡು ಸಂಸ್ಥೆಗಳೂ ಸೇರಿ ಜಂಟಿ ಲೆಕ್ಕ ಕೊಡುತ್ತವೆ. ಕಾಡೆಂಬುದರ ವ್ಯಾಖ್ಯೆಯೂ ಒಂದಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒಗೆ ಅರ್ಧ ಹೆಕ್ಟೇರ್, 5 ಮೀಟರ್ ಎತ್ತರ, 10% ಮುಚ್ಚಿಗೆ ಸಾಕು, ಹಣ್ಣಿನ ತೋಟ ಬರುವುದಿಲ್ಲ. ನಮ್ಮ ಸರ್ವೇಕ್ಷಣೆಗೆ ಒಂದು ಹೆಕ್ಟೇರ್ ಬೇಕು, ಕೊಪ್ಪಳದ ಮಾವಿನ ತೋಟವೂ ಬರುತ್ತದೆ.

ಬೆಳೆಗಾರರ ಗುಂಪಿಗೆ ನಮ್ಮ ಆಯ್ಕೆ ಹೀಗಿದೆ. ಕೊಳ್ಳುವ ಗಿರಣಿ ಎಫ್‌ಎಸ್‌ಸಿಯನ್ನೇ ಬರಹದಲ್ಲಿ ಕೇಳಿದರೆ ಎಫ್‌ಎಸ್‌ಸಿ, ಅದೂ ಬಿಟಿ ಹತ್ತಿ ಇಲ್ಲದ ಹೊಲಗಳಿಂದ ಶುರು. ಕೊಳ್ಳುವವರಿಗೆ ಯಾವುದಾದರೂ ಆದೀತು ಎಂದರೆ ಪಿಇಎಫ್‌ಸಿ, ಬದುವಿನ ಮರಕ್ಕೂ ಅದು ಒಗ್ಗುತ್ತದೆ. ಮಾರುಕಟ್ಟೆ ದೇಶದೊಳಗಿನದೇ ಆದರೆ ಪ್ರಮಾಣ್. ಅದು ಇನ್ನೂ ಹೊಸದು, ವಿದೇಶಿ ಕೊಳ್ಳುವವರೆದುರು ಅದರ ಹೆಸರು ಹೇಳಿ ರೇಟು ಕೇಳುವ ಕಾಲ ಬಂದಿಲ್ಲ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಸಹಾಯಧನಕ್ಕೆಂದು ಬದುಕುಳಿದ ಸಸಿ ಎಣಿಸಿದ ದಾಖಲೆ ಇದ್ದರೆ ಎಸೆಯಬೇಡಿ, ನೆಟ್ಟ ವರ್ಷಕ್ಕೂ ಸಂಖ್ಯೆಗೂ ಅದಕ್ಕಿಂತ ಒಳ್ಳೆಯ ಪುರಾವೆ ರೈತರ ಕೈಯಲ್ಲಿ ಬೇರೆ ಇರುವುದಿಲ್ಲ. ಮೊದಲ ವರ್ಷ ಪೌತಿ ಖಾತೆ, ಹದ್ದುಬಸ್ತು, ಮತ್ತೆ ಕೊಳ್ಳುವವರ ಸರಪಳಿ ಪ್ರಮಾಣಪತ್ರದ ಸಂಖ್ಯೆ ಇಷ್ಟನ್ನು ಕೈಗೆ ತಂದುಕೊಳ್ಳಿ. ತಪಾಸಕರನ್ನು ಕರೆಸುವುದು ಅದಾದ ಮೇಲೆ, ಹಿಂಗಾರಿನ ಮಳೆ ಮುಗಿದು ಮರದ ಮೇಲೆ ಎಲೆ ಇನ್ನೂ ಇರುವಾಗ.