ಗೋಸ್-16ರ ಸೂರ್ಯನ ಡೇಟಾ: ಮೂರು ತಿಂಗಳು ಬಳಸಿದ ಮೇಲೆ

ನಾನು ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಈ ಸಲ ಕೊನೆಯ ವರ್ಷದ ಮಕ್ಕಳ ಪ್ರಾಜೆಕ್ಟ್‌ಗೆ ಅಮೆರಿಕದ ಹವಾಮಾನ-ಸಾಗರ ಸಂಸ್ಥೆ ನೋವಾದ ಗೋಸ್-16 ಉಪಗ್ರಹ ಅಳೆದ ಸೂರ್ಯನ ಬೆಳಕಿನ ಡೇಟಾ ತೆಗೆದುಕೊಂಡೆವು. ಪೂರ್ತಿ ಪುಕ್ಕಟೆ. ದಿನಕ್ಕೊಂದು ಫೈಲ್, ನಿಮಿಷಕ್ಕೊಂದು ಸರಾಸರಿ. ಮಾಮೂಲಿ ಲ್ಯಾಪ್‌ಟಾಪ್, ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಗೊತ್ತಿದ್ದರೆ ಸಾಕು.

ನಮಗೆ ಬೇಕಿದ್ದದ್ದು 121.6 ನ್ಯಾನೋಮೀಟರ್‌ನ ತರಂಗಾಂತರದ ಬೆಳಕಿನ ಲೆಕ್ಕ ಮಾತ್ರ, ಅಂದರೆ ಲೈಮನ್ ಆಲ್ಫಾ ಎಂಬ ಅತಿನೇರಳೆ ಬೆಳಕು. ಸೂರ್ಯನ ಹೈಡ್ರೋಜನ್ ಈ ಬೆಳಕನ್ನು ಸೂಸುತ್ತದೆ. ಭೂಮಿಯ ಸುತ್ತ ಬಲು ದೂರದವರೆಗೆ ಹರಡಿರುವ ತೆಳ್ಳನೆಯ ಹೈಡ್ರೋಜನ್ ಅದನ್ನೇ ಹಿಡಿದು ಬೇರೆ ಕಡೆ ಚದುರಿಸುತ್ತದೆ. ನೆಲದವರೆಗೆ ಈ ಬೆಳಕು ಬರುವುದೇ ಇಲ್ಲ. ಹಾಗಾಗಿ ಉಪಗ್ರಹ ಬೇಕೇ ಬೇಕು.

2020ರ ಜೂನ್‌ನ ಒಂದು ದಿನದ ಗ್ರಾಫ್ ಹಾಕಿದೆವು. ಸೂರ್ಯನ ಚಟುವಟಿಕೆ ಕಡಿಮೆ ಇದ್ದ ವರ್ಷ ಅದು, ಗೆರೆ ಹೆಚ್ಚುಕಡಿಮೆ ನೇರವಾಗಿತ್ತು. ಒಂದು ಕಡೆ ಮಾತ್ರ ಮೆತ್ತಗೆ ತಗ್ಗಿ, ಮತ್ತೆ ನಿಧಾನವಾಗಿ ಎದ್ದಿತ್ತು. "ಮೇಡಂ, ಸೆನ್ಸರ್ ಕೆಟ್ಟಿತ್ತಾ?" ಅಂತ ಒಬ್ಬಳು ಕೇಳಿದಳು. ಮರುದಿನದ ಫೈಲ್ ತೆರೆದರೆ ಅದೇ ಹೊತ್ತಿಗೆ ಅದೇ ತಗ್ಗು. ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕದಲ್ಲಿ 5 ಗಂಟೆ, ನಮಗೆ ಬೆಳಿಗ್ಗೆ ಹತ್ತೂವರೆ. ಇದು ಭೂಮಿಯ ಜೊತೆಗೇ ತಿರುಗುವ ಭೂಸ್ಥಿರ ಉಪಗ್ರಹ, ಆಗ ಇದ್ದದ್ದು ಸಮಭಾಜಕದ ನೇರಕ್ಕೆ, ಪಶ್ಚಿಮ 75.2 ಡಿಗ್ರಿ ರೇಖಾಂಶದ ಮೇಲೆ. ಅಲ್ಲಿ ಅದು ನಡುರಾತ್ರಿ! ಸೂರ್ಯ ಭೂಮಿಯ ಆಚೆ ಬದಿಗಿರುತ್ತಾನೆ. ಬೆಳಕು ಭೂಮಿಯ ಪಕ್ಕದಿಂದ ನುಸುಳಿ, ಜಾಸ್ತಿ ಹೈಡ್ರೋಜನ್ ದಾಟಿಕೊಂಡು ಬರಬೇಕು. ದಾರಿಯಲ್ಲಿ ಕಳೆದುಹೋದ ಬೆಳಕೇ ಆ ತಗ್ಗು.

ಬೋರ್ಡಿನ ಮೇಲೆ ಲೆಕ್ಕ ಮಾಡಿದೆವು. ಉಪಗ್ರಹದ ಕಕ್ಷೆಯ ತ್ರಿಜ್ಯ 42,164 ಕಿ.ಮೀ., ಜೂನ್‌ನಲ್ಲಿ ಸೂರ್ಯ 23.4 ಡಿಗ್ರಿ ಉತ್ತರಕ್ಕೆ. ನಡುರಾತ್ರಿಯ ಬೆಳಕು ಭೂಮಿಯ ಉತ್ತರ ಬದಿಯಲ್ಲಿ ಸುಮಾರು 10,000 ಕಿ.ಮೀ. ಎತ್ತರದಿಂದ ಹಾದುಹೋಗುತ್ತದೆ. ಮಾರ್ಚ್, ಸೆಪ್ಟೆಂಬರ್ ಕಡೆಗೆ ಈ ದಾರಿ ಕೆಳಗಿಳಿಯುತ್ತಾ ಬಂದು ಕೊನೆಗೆ ಭೂಮಿಯೇ ಅಡ್ಡ ಬರುತ್ತದೆ. ಆಗ ಬೆಳಕು ಥಟ್ಟನೆ ಸೊನ್ನೆ, ಅದು ಗ್ರಹಣ. ಹೊಸಬರು ಆ ತಿಂಗಳುಗಳಿಂದ ಶುರು ಮಾಡಬೇಡಿ.

ಇನ್ನೊಂದು ಮಾತು. ಫೈಲ್‌ನಲ್ಲಿ ಸಮಯ ಸೆಕೆಂಡುಗಳಲ್ಲಿದೆ, ಎಣಿಕೆ 2000ದ ಜನವರಿ 1ರ ಮಧ್ಯಾಹ್ನ 12ರಿಂದ. ನಾವು ಸುಮ್ನೆ ಕಂಪ್ಯೂಟರಿನ ವಾಡಿಕೆಯಂತೆ 1970ರಿಂದ ಎಣಿಸಿ, ದಿನಾಂಕ 1990 ಅಂತ ಬಂದು, ಒಂದಿಡೀ ಸಂಜೆ ಕಳೆದೆವು.

ತಗ್ಗಿನಿಂದ ಹೈಡ್ರೋಜನ್ ಪರಮಾಣುಗಳ ಸಂಖ್ಯೆಗೆ ಹೋಗುವುದು ಮಾತ್ರ ಸುಲಭವಲ್ಲ. ಸೂರ್ಯನ ಲೈಮನ್ ಆಲ್ಫಾ ರೇಖೆ (ಈ ಬೆಳಕು ಹರಡಿರುವ ತರಂಗಾಂತರಗಳ ಪಟ್ಟಿ) ಅಗಲ, ಭೂಮಿಯ ಹೈಡ್ರೋಜನ್ ನುಂಗುವುದು ಅದರ ನಡುವಿನ ಕಿರಿದಾದ ಭಾಗವನ್ನು. ಈ ಉಪಕರಣ ಇಡೀ ರೇಖೆಯನ್ನು ಒಟ್ಟುಗೂಡಿಸಿ ಒಂದೇ ಸಂಖ್ಯೆ ಕೊಡುತ್ತದೆ. ರೇಖೆಯ ಆಕಾರವನ್ನು ಬೇರೆ ಅಳತೆಗಳಿಂದ ತರಬೇಕು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಬೆಳಕು ಹೀರಿಕೆಗೆ ಲ್ಯಾಬಿನಲ್ಲಿ ಬಳಸುವ ಸೂತ್ರವನ್ನು ನೇರ ಹಾಕಿ ತಪ್ಪು ಉತ್ತರ ತರುತ್ತಾರೆ.

ಇಷ್ಟಾದರೂ ನಾನು ಕಣ್ಮುಚ್ಚಿ ಶಿಫಾರಸು ಮಾಡುತ್ತೇನೆ. ಭೂಮಿಯ ಗಾಳಿಯ ಕೊನೆಯ ಅಂಚನ್ನು ಮಕ್ಕಳು ತಾವೇ ಅಳೆಯುವುದು ಸಣ್ಣ ವಿಷಯ ಅಲ್ವಾ? ಡಿಸೆಂಬರ್‌ನಲ್ಲಿ ಬೆಳಕು ದಕ್ಷಿಣ ಬದಿಯಿಂದ ಬರುತ್ತದೆ. ಎರಡೂ ಕಡೆ ತಗ್ಗು ಒಂದೇ ಆಳ ಇದೆಯಾ ಅಂತ ನೋಡಲು ಈಗ ಆ ತಿಂಗಳ ಫೈಲುಗಳನ್ನು ಇಳಿಸಿಕೊಳ್ಳುತ್ತಿದ್ದೇವೆ.