ಎಸ್‌ಎಸ್‌ಡಿ ಕೆಟ್ಟಿದೆಯಾ? ಯಾವ ಟೂಲ್ ಏನು ಹೇಳಿತು

ಮನೆಯ ಡೆಸ್ಕ್‌ಟಾಪ್ ನಡುನಡುವೆ ನಿಂತುಬಿಡುತ್ತಿತ್ತು. ಮೌಸ್ ಓಡಾಡುತ್ತದೆ, ಆದರೆ ಯಾವ ಫೋಲ್ಡರೂ ತೆರೆಯುವುದಿಲ್ಲ. ಕ್ಯಾಬಿನೆಟ್‌ನ ಡಿಸ್ಕ್ ಲೈಟ್ ಮಿನುಗದೆ ಒಂದೇ ಸಮ ಉರಿಯುತ್ತದೆ. ಸ್ವಲ್ಪ ಹೊತ್ತಾದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಎಲ್ಲ ಸರಿ. ಒಳಗಿದ್ದದ್ದು 500 ಜಿಬಿಯ ಸಾಟಾ ಎಸ್‌ಎಸ್‌ಡಿ, ಅಂದರೆ ಫೈಲುಗಳನ್ನು ಫ್ಲ್ಯಾಶ್ ಚಿಪ್‌ಗಳಲ್ಲಿ ಇಡುವ, ಸಾಟಾ ಕೇಬಲ್‌ನಿಂದ ಬೋರ್ಡ್‌ಗೆ ಸೇರುವ ಡ್ರೈವ್. ಅಂಗಡಿಯವರು ಫೋನಿನಲ್ಲೇ ತೀರ್ಪು ಕೊಟ್ಟರು: "ಸರ್, ಎಸ್‌ಎಸ್‌ಡಿ ಹೋಗಿದೆ, ಹೊಸದು ಹಾಕ್ಸಿಬಿಡಿ." ಇರಬಹುದು. ಆದರೆ ತಪ್ಪು ಕೇಬಲ್‌ನದೋ, ವಿಂಡೋಸ್‌ನದೋ ಅಂತ ನೋಡದೆ ದುಡ್ಡು ಸುರಿಯುವುದು ಯಾಕೆ? ಬೇಕಾದ ಫೈಲುಗಳನ್ನೆಲ್ಲ ಮೊದಲು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಂಡೆ. ಆಮೇಲೆ ಪುಕ್ಕಟೆ ಸಿಗುವ ಟೂಲ್‌ಗಳನ್ನು ಇದೇ ಡ್ರೈವ್ ಮೇಲೆ ಪ್ರಯೋಗ ಮಾಡಿದೆ.

ಡ್ರೈವ್ ಮಾಡಿದ ಕಂಪನಿಯದೇ ಟೂಲ್ ನೋಡಲು ಚೆಂದ. ದೊಡ್ಡ ಹಸಿರು ಅಕ್ಷರದಲ್ಲಿ "ಗುಡ್" ಅಂದಿತು, ಅಷ್ಟೇ. ಫರ್ಮ್‌ವೇರ್ (ಡ್ರೈವ್‌ನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಲು ಇದು ಬೇಕು. ರೋಗ ಹುಡುಕಲು ಸಾಲದು.

ಡ್ರೈವ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಕೂಡ "ಗುಡ್ 96%" ಅಂದಿತು. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆ ಶೇಕಡಾ ಲೆಕ್ಕ ಮುಖ್ಯವಾಗಿ ಸವಕಳಿಯದ್ದು. ಫ್ಲ್ಯಾಶ್ ಚಿಪ್ ಎಷ್ಟು ಸಲ ಬರೆಸಿಕೊಂಡಿದೆ, ಇನ್ನೂ ಎಷ್ಟು ತಾಳಬಹುದು ಅನ್ನುವ ಅಂದಾಜು. ಟೈರ್ ಸವೆದಿಲ್ಲ ಅಂದ ಮಾತ್ರಕ್ಕೆ ಎಂಜಿನ್ ಸರಿಯಿದೆ ಅಂತ ಅರ್ಥವಲ್ಲ, ಅಲ್ವಾ? ಡ್ರೈವ್ ನಡೆಸುವ ಚಿಪ್ಪಾದ ಕಂಟ್ರೋಲರ್ ಕೈಕೊಟ್ಟರೆ 96ರ ಡ್ರೈವೂ ರಾತ್ರೋರಾತ್ರಿ ಮಾಯವಾಗುತ್ತದೆ. 40ಕ್ಕೆ ಇಳಿದದ್ದು ವರ್ಷಗಟ್ಟಲೆ ಓಡಬಹುದು.

ಕ್ರಿಸ್ಟಲ್‌ಡಿಸ್ಕ್‌ಇನ್ಫೋದ ನಿಜವಾದ ಬೆಲೆ ಅದರ ಕಿಟಕಿಯ ಕೆಳಭಾಗದ ಪಟ್ಟಿಯಲ್ಲಿದೆ, ಡ್ರೈವ್ ತಾನೇ ಇಟ್ಟುಕೊಳ್ಳುವ "ಸ್ಮಾರ್ಟ್" ಲೆಕ್ಕ ಅದು. ಅಲ್ಲಿನ ಅಂಕಿಗಳು ಹೆಕ್ಸ್‌ನಲ್ಲಿ (16ರ ಲೆಕ್ಕದಲ್ಲಿ) ಇರುತ್ತವೆ, ಓದಲು ತಲೆನೋವು. ಫಂಕ್ಷನ್ ಮೆನುವಿನಲ್ಲಿ ಅಡ್ವಾನ್ಸ್‌ಡ್ ಫೀಚರ್, ಅದರೊಳಗೆ ರಾ ವ್ಯಾಲ್ಯೂಸ್‌ಗೆ ಹೋಗಿ ಡೆಸಿಮಲ್‌ಗೆ ಬದಲಿಸಿಕೊಳ್ಳಿ. ಸಾಟಾ ಡ್ರೈವ್ ಆದರೆ ಮೊದಲು ಸಿ7 ಸಾಲು ನೋಡಿ. ಅದು ಸಿಆರ್‌ಸಿ ದೋಷಗಳ ಲೆಕ್ಕ, ಅಂದರೆ ಡ್ರೈವ್ ಮತ್ತು ಬೋರ್ಡ್ ನಡುವಿನ ದಾರಿಯಲ್ಲಿ ಡೇಟಾ ಕೆಟ್ಟದ್ದು. ಇದು ಏರುತ್ತಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ ಬರಬೇಕು. ಕೇಬಲ್ ಬದಲಿಸಿದರೂ ಹಳೆಯ ಅಂಕಿ ಸೊನ್ನೆಗೆ ಇಳಿಯುವುದಿಲ್ಲ. ಇವತ್ತಿನದನ್ನು ಬರೆದಿಟ್ಟುಕೊಂಡು, ಮುಂದೆ ಏರುತ್ತದಾ ಅಂತ ನೋಡಬೇಕು. ನನ್ನದರಲ್ಲಿ ಸಿ7 ಏರಿತ್ತು. ಹೊಸ ಸಾಟಾ ಕೇಬಲ್ ಹಾಕಿದ ಮೇಲೆ ಅಲ್ಲೇ ನಿಂತಿತು. ಕಂಪ್ಯೂಟರ್ ನಿಲ್ಲುವುದು ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ತೊಂದರೆ ಒಂದಲ್ಲ, ಎರಡು!

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಯಾರೂ ಹೊಗಳದ ಈವೆಂಟ್ ವ್ಯೂವರ್. ವಿಂಡೋಸ್ ಬರೆದಿಡುವ ಘಟನೆಗಳ ದಿನಚರಿ ತೋರಿಸುವ ಟೂಲ್ ಇದು. ವಿಂಡೋಸ್‌ನಲ್ಲೇ ಇದೆ, ಡೌನ್‌ಲೋಡ್ ಮಾಡುವುದೇನೂ ಇಲ್ಲ. ವಿಂಡೋಸ್ ಲಾಗ್ಸ್‌ನಲ್ಲಿ ಸಿಸ್ಟಮ್ ತೆರೆದು 7, 129, 153 ನಂಬರ್‌ಗಳನ್ನು ಹುಡುಕಿ. ಸೋರ್ಸ್ ಕಾಲಮ್ಮಿನಲ್ಲಿ "ಡಿಸ್ಕ್" ಅಂತಿದ್ದು 7 ಬಂದರೆ ಬ್ಯಾಡ್ ಬ್ಲಾಕ್, ಅಂದರೆ ಕೆಟ್ಟ ಜಾಗ. 129 ಅಂದರೆ ಡ್ರೈವ್ ಉತ್ತರ ಕೊಡದೆ ವಿಂಡೋಸ್ ಅದನ್ನು ರೀಸೆಟ್ ಮಾಡಿದೆ. 153 ಅಂದರೆ ಓದುವ ಅಥವಾ ಬರೆಯುವ ಕೆಲಸವನ್ನು ಮತ್ತೆ ಮಾಡಿಸಬೇಕಾಯಿತು. ಕಂಪ್ಯೂಟರ್ ನಿಂತಾಗ ಗಡಿಯಾರ ನೋಡಿಕೊಂಡಿದ್ದೆ. ಲಾಗ್‌ನಲ್ಲಿ ಅದೇ ಹೊತ್ತಿಗೆ 129, ಅದರ ಬೆನ್ನಿಗೇ 7. ಶೇಕಡಾವಾರು ಅಂಕಿ ಯಾವುದೂ ಇಷ್ಟು ಗಟ್ಟಿ ಸಾಕ್ಷಿ ಕೊಡುವುದಿಲ್ಲ. ಒಂದು ಕೊರತೆ: ಬರೀ 129 ಇದ್ದರೆ ಕೇಬಲ್ಲೋ, ಡ್ರೈವರ್ ಸಾಫ್ಟ್‌ವೇರೋ, ಡ್ರೈವೋ ಅಂತ ಇದರಿಂದ ಗೊತ್ತಾಗುವುದಿಲ್ಲ.

ಅದನ್ನು ಬಿಡಿಸಿ ಹೇಳಿದ್ದು ಸ್ಮಾರ್ಟ್‌ಮಾನ್‌ಟೂಲ್ಸ್, ಸ್ಮಾರ್ಟ್ ಲೆಕ್ಕ ಓದಿ ಡ್ರೈವ್‌ನ ಸ್ವಯಂ ಪರೀಕ್ಷೆ ಮಾಡಿಸುವ ಟೂಲ್. ಕಮಾಂಡ್ ಟೈಪ್ ಮಾಡಬೇಕು, ಬೇಸರವೇ. ಬೇಡ ಅಂದರೆ ಪೆನ್‌ಡ್ರೈವ್‌ನಿಂದ ಉಬುಂಟು ಲಿನಕ್ಸ್ ಬೂಟ್ ಮಾಡಿ, ಡಿಸ್ಕ್ಸ್ ಅನ್ನುವ ಆ್ಯಪ್‌ನಲ್ಲಿ ಅದೇ ಪರೀಕ್ಷೆಯನ್ನು ಮೌಸ್‌ನಿಂದ ಮಾಡಬಹುದು. ವಿಂಡೋಸ್ ಪಕ್ಕಕ್ಕಿಟ್ಟು ನೋಡಿದ ಹಾಗೂ ಆಯಿತು. ಫಲಿತಾಂಶದ ಮೇಲ್ಭಾಗದ "ಪಾಸ್ಡ್" ನಂಬಬೇಡಿ, ಅದೂ ಹಸಿರು "ಗುಡ್"ನ ತಮ್ಮನೇ. ಮಾಡಬೇಕಾದ್ದು ಲಾಂಗ್ ಟೆಸ್ಟ್. ಡ್ರೈವ್ ತನ್ನನ್ನು ತಾನೇ ಒಳಗಿನಿಂದ ಓದಿ ನೋಡಿಕೊಳ್ಳುತ್ತದೆ, ಫೈಲ್ ಅಳಿಸುವುದಿಲ್ಲ. ನನ್ನದು ಅರ್ಧಕ್ಕೇ ನಿಂತು "ರೀಡ್ ಫೇಲ್ಯೂರ್" ಅಂದಿತು. ಈ ಪರೀಕ್ಷೆ ನಡೆಯುವುದು ಡ್ರೈವ್‌ನ ಒಳಗೇ, ಕೇಬಲ್‌ಗೆ ಅಲ್ಲಿ ಪಾತ್ರವಿಲ್ಲ. ಹಾಗಾಗಿ ಡ್ರೈವೇ ಕೆಟ್ಟಿದೆ ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ. ಎನ್‌ವಿಎಂಇ ಡ್ರೈವ್ (ಸಾಮಾನ್ಯವಾಗಿ ಕೇಬಲ್ ಇಲ್ಲದೆ ನೇರ ಬೋರ್ಡ್‌ಗೇ ಕೂರುವ ಎಸ್‌ಎಸ್‌ಡಿ) ಇರುವವರು ಸ್ಮಾರ್ಟ್‌ಮಾನ್‌ಟೂಲ್ಸ್‌ನ 2023ರಲ್ಲಿ ಬಂದ 7.4 ಅಥವಾ ಅದಕ್ಕಿಂತ ಹೊಸ ಆವೃತ್ತಿ ಹಾಕಿಕೊಳ್ಳಿ, ಅವುಗಳ ಸ್ವಯಂ ಪರೀಕ್ಷೆ ಸೇರಿದ್ದು ಅದರಲ್ಲೇ. ಅವುಗಳಲ್ಲಿ "ಪರ್ಸೆಂಟೇಜ್ ಯೂಸ್ಡ್" ಉಲ್ಟಾ ಲೆಕ್ಕ: ಸೊನ್ನೆ ಅಂದರೆ ಹೊಸದು, 100 ದಾಟಲೂಬಹುದು. ನೋಡಬೇಕಾದ್ದು "ಮೀಡಿಯಾ ಆ್ಯಂಡ್ ಡೇಟಾ ಇಂಟೆಗ್ರಿಟಿ ಎರರ್ಸ್". ಅದು ಸೊನ್ನೆಯೇ ಇರಬೇಕು.

ವಿಂಡೋಸ್‌ನ ಚೆಕ್‌ಡಿಸ್ಕ್ (chkdsk) ಕಮಾಂಡ್ ಬಗ್ಗೆ ಒಂದು ಮಾತು, ಯಾಕೆಂದರೆ ಎಲ್ಲರೂ ಮೊದಲು ಹೇಳುವುದು ಅದನ್ನೇ. ಅದು ನೋಡುವುದು ಮುಖ್ಯವಾಗಿ ಫೈಲ್ ಸಿಸ್ಟಮ್ ಅನ್ನು, ಅಂದರೆ ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕವನ್ನು. ಕಮಾಂಡ್‌ಗೆ /r ಸೇರಿಸಿದರೆ ಇಡೀ ಡ್ರೈವ್ ಓದಿ ಕೆಟ್ಟ ಜಾಗಕ್ಕೆ ಗುರುತು ಹಾಕುತ್ತದೆ. ಎಸ್‌ಎಸ್‌ಡಿಯಲ್ಲಿ ಯಾವ ಡೇಟಾ ಯಾವ ಚಿಪ್‌ನಲ್ಲಿ ಅಂತ ಕಂಟ್ರೋಲರ್ ಬದಲಿಸುತ್ತಲೇ ಇರುತ್ತದೆ. ಹಾಗಾಗಿ ಆ ಗುರುತಿನಿಂದ ದೊಡ್ಡ ಲಾಭವಿಲ್ಲ. ಸಾಯುತ್ತಿರುವ ಡ್ರೈವ್ ಮೇಲೆ, ಬ್ಯಾಕಪ್ ಇಲ್ಲದೆ, ಸುಮ್ನೆ ಇದನ್ನು ಓಡಿಸಬೇಡಿ.

ಎಸ್‌ಎಸ್‌ಡಿ ತೆಗೆದು ಯುಎಸ್‌ಬಿ ಕೇಸ್‌ನಲ್ಲಿ ಹಾಕಿ ನೋಡುವುದಕ್ಕಿಂತ ಇನ್ನೊಂದು ಕಂಪ್ಯೂಟರ್‌ನ ಸಾಟಾ ಪೋರ್ಟ್‌ಗೆ ಚುಚ್ಚುವುದು ಮೇಲು. ಅಗ್ಗದ ಕೇಸ್‌ಗಳಲ್ಲಿ ಸ್ಮಾರ್ಟ್ ಮಾಹಿತಿ ಎಷ್ಟೋ ಸಲ ಕಾಣುವುದೇ ಇಲ್ಲ.

ಇನ್ನೊಮ್ಮೆ ಹೀಗಾದರೆ ನಾನು ಮೊದಲು ಈವೆಂಟ್ ವ್ಯೂವರ್ ತೆರೆಯುತ್ತೇನೆ, ಆಮೇಲೆ ಸಿ7 ನೋಡುತ್ತೇನೆ, ಕೇಬಲ್ ಬದಲಿಸಿ ಲಾಂಗ್ ಟೆಸ್ಟ್ ಹಾಕುತ್ತೇನೆ. ಡ್ರೈವ್ ಬಯೋಸ್‌ನಲ್ಲೇ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ಸ್ ಪರದೆಯಲ್ಲಿ) ಕಾಣದಿದ್ದರೆ ಮಾತ್ರ ಇವು ಯಾವುದೂ ಕೆಲಸಕ್ಕೆ ಬಾರವು. ಬೇರೆ ಪೋರ್ಟ್, ಬೇರೆ ಪವರ್ ಕೇಬಲ್ ಹಾಕಿ ನೋಡಿ. ಅಲ್ಲೂ ಕಾಣದಿದ್ದರೆ ವಾರಂಟಿಗೆ ಬೇಕಾದ ಬಿಲ್ ಎಲ್ಲಿಟ್ಟಿದ್ದೀರಿ ಅಂತ ಹುಡುಕಲು ಶುರು ಮಾಡಿ.